ಎರಡು ತಂತಿಯ ಪೇಸ್‌ಮೇಕರ್: ಯಂತ್ರಕ್ಕೆ ಒಳ್ಳೆಯ ಅಂಕ, ಕಾರ್ಖಾನೆಯ ಸೆಟ್ಟಿಂಗಿಗೆ ಅಲ್ಲ

ನನ್ನ ಎದೆಯಲ್ಲಿ ಪೇಸ್‌ಮೇಕರ್ ಕೂತಿದೆ ಎಂಬ ಸುದ್ದಿ ಹಬ್ಬಿದ ಮೇಲೆ ಕಾಸರಗೋಡಿನ ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆಯ ಪರಿಚಯದವರಿಂದ ಬರುವ ಫೋನುಗಳಲ್ಲಿ ಎರಡೇ ಪ್ರಶ್ನೆ. ಯಾವ ಕಂಪನಿಯದ್ದು? ಎಷ್ಟಾಯಿತು? ಕೇಳಿದವರಿಗೆ ಎರಡನ್ನೂ ಹೇಳುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ. ಇಲ್ಲಿ ಮಾತ್ರ ಕಂಪನಿಯ ಹೆಸರು ಬರೆಯುವುದಿಲ್ಲ. ನಾನು ಹೇಳಹೊರಟಿರುವ ತಕರಾರು ಒಂದು ಕಂಪನಿಗೆ ಅಂಟಿದ್ದಲ್ಲ. ಎರಡು ತಂತಿಯ ಪೇಸ್‌ಮೇಕರ್ ಯಾರದೇ ಇರಲಿ, ಅದರೊಳಗೆ ತುಂಬಿರುವ ವಿಶೇಷ ಸೌಲಭ್ಯಗಳು ಒಂದಕ್ಕೊಂದು ತಾಗಿದಾಗ ಏನಾಗುತ್ತದೆ ಎಂಬುದು ವಿಷಯ. ಯಾರೂ ಕೇಳದ ಮೂರನೆಯ ಪ್ರಶ್ನೆ ಅದೇ: ಒಳಗೆ ಯಾವುದೆಲ್ಲ ಚಾಲೂ ಇದೆ?

ನಾನು ವಿದ್ಯುತ್ ಮಂಡಳಿಯಲ್ಲಿ ಸಬ್ ಇಂಜಿನಿಯರ್ ಆಗಿ ನಿವೃತ್ತನಾದವನು. ಕಾಗದದಲ್ಲಿ ಬರೆದಿಡದ ಸೆಟ್ಟಿಂಗನ್ನು ನಂಬುವ ಅಭ್ಯಾಸ ನನಗಿಲ್ಲ. ವೈದ್ಯಕೀಯ ಓದಿಲ್ಲ, ಆದರೆ ಮಿಲಿಸೆಕೆಂಡ್ ಎಂದರೆ ನನಗೆ ಹೆದರಿಕೆಯೂ ಇಲ್ಲ.

ಮೊದಲು ಯಂತ್ರದ ಬಗ್ಗೆ. ನನಗಿದ್ದದ್ದು ಹೃದಯದ ಸಹಜ ತಾಳಗಾರ, ಅಂದರೆ ಸೈನಸ್ ನೋಡ್, ಸೋಮಾರಿಯಾದ ಕಾಯಿಲೆ. ಅಂಗಳದಲ್ಲಿ ಅಡಿಕೆ ಹರಡುತ್ತಿದ್ದಾಗ ಕಣ್ಣು ಕತ್ತಲೆ ಬರುತ್ತಿತ್ತು. ದಿನವಿಡೀ ಇಸಿಜಿ ಬರೆಯುವ ಹೋಲ್ಟರ್ ಕಟ್ಟಿ ನೋಡಿದಾಗ ರಾತ್ರಿ ದೀರ್ಘ ವಿರಾಮಗಳೂ, ಆಗೊಮ್ಮೆ ಈಗೊಮ್ಮೆ ಮೇಲಿನ ಹೃತ್ಕರ್ಣದಿಂದ ಕೆಳಗಿನ ಹೃತ್ಕುಕ್ಷಿಗೆ ಸಂದೇಶ ತಲಪದೇ ಇರುವುದೂ ಕಂಡವು. ಎಡ ಭುಜದ ಕೆಳಗೆ ಸಣ್ಣ ಗಾಯ, ಅದರೊಳಗೆ ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಡಬ್ಬಿ, ಎರಡು ತಂತಿ: ಒಂದು ಬಲ ಹೃತ್ಕರ್ಣಕ್ಕೆ, ಒಂದು ಬಲ ಹೃತ್ಕುಕ್ಷಿಗೆ. ಕಣ್ಣು ಕತ್ತಲೆ ಬರುವುದು ಅಂದಿಗೇ ನಿಂತಿತು. 1958ರಲ್ಲಿ ಸ್ವೀಡನ್ನಿನಲ್ಲಿ ಅರ್ನೆ ಲಾರ್ಸನ್ ಎಂಬವರ ದೇಹದೊಳಗೆ ಮೊದಲ ಪೇಸ್‌ಮೇಕರ್ ಇಟ್ಟರು. ಅದು ಕೆಲವೇ ಗಂಟೆಗಳಲ್ಲಿ ಕೈಕೊಟ್ಟಿತ್ತು. ಆದರೂ ಲಾರ್ಸನ್ ಯಂತ್ರದ ಮೇಲೆ ಯಂತ್ರ ಬದಲಿಸಿಕೊಂಡು 2001ರ ವರೆಗೆ ಬದುಕಿದರು. ಆ ಕಾಲದ ಯಂತ್ರಕ್ಕೆ ಬರುತ್ತಿದ್ದುದು ಒಂದೇ ಕೆಲಸ, ಒಂದೇ ವೇಗದಲ್ಲಿ ಬಡಿಯುವುದು. ಈಗಿನದು ಕೇಳುತ್ತದೆ, ಕಾಯುತ್ತದೆ, ಲೆಕ್ಕ ಬರೆಯುತ್ತದೆ, ನಾವು ನಡೆದರೆ ವೇಗ ಹೆಚ್ಚಿಸುತ್ತದೆ. ಬಿಲ್ಲು ಲಕ್ಷ ದಾಟಿತು. ಕೊಟ್ಟ ಹಣಕ್ಕೆ ಮೋಸವಿಲ್ಲ.

ತೊಂದರೆ ಶುರುವಾದದ್ದು ಮೂರನೆಯ ತಿಂಗಳ ಹೊತ್ತಿಗೆ. ಸುಮ್ಮನೆ ಕುಳಿತಿರುವಾಗ ಎದೆ ಓಡತೊಡಗುತ್ತಿತ್ತು. ಕುತ್ತಿಗೆಯ ನರ ಹೊಡೆದುಕೊಳ್ಳುತ್ತಿತ್ತು, ಕಿವಿಯೊಳಗೆ ಡಬಡಬ ಕೇಳುತ್ತಿತ್ತು. ಕೆಲವೊಮ್ಮೆ ಎರಡು ನಿಮಿಷ, ಕೆಲವೊಮ್ಮೆ ಕಾಲು ಗಂಟೆ. ಹೇಗೆ ಬಂತೋ ಹಾಗೆಯೇ ಒಮ್ಮೆಗೇ ನಿಲ್ಲುತ್ತಿತ್ತು. ಇದು ಹೆಚ್ಚಾಗಿ ಆಗುತ್ತಿದ್ದುದು ಜೀಪಿನ ಪ್ರಯಾಣದ ಕೊನೆಗೆ. ಚೆರ್ಕಳ–ಕಲ್ಲಡ್ಕ ರಸ್ತೆಯ ಗುಂಡಿ ಕಂಡವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ರಸ್ತೆಯಿಂದ ಮನೆಗೆ ಇಳಿಯುವ ಕಚ್ಚಾ ದಾರಿ ಅದಕ್ಕಿಂತಲೂ ಒಂದು ಕೈ ಮೇಲು. ಕಳೆ ಕತ್ತರಿಸುವ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ತೋಟದಲ್ಲಿ ತಿರುಗಿದ ದಿನವೂ ಹಾಗೆಯೇ.

ಮನೆಯಲ್ಲಿ ಕೊರೋನಾ ಕಾಲದಲ್ಲಿ ತಂದ ಬೆರಳಿನ ಆಕ್ಸಿಮೀಟರ್ ಇತ್ತು. ಓಟ ಬಂದಾಗ ಸಿಕ್ಕಿಸಿ ನೋಡಿದೆ: 130. ಮರುವಾರ ಇನ್ನೊಮ್ಮೆ ಬಂತು: 130. ಆಮೇಲೆಯೂ 130, ತಪ್ಪಿದರೆ 129. ನನಗೆ ಸಂಶಯ ಬಂದದ್ದು ಇಲ್ಲಿಯೇ. ಹೆದರಿದ ಹೃದಯ, ಜ್ವರ ಬಂದ ಹೃದಯ, ಗುಡ್ಡೆ ಹತ್ತಿದ ಹೃದಯ ಒಂದೇ ಅಂಕಿಯಲ್ಲಿ ಹೀಗೆ ಕಚ್ಚಿ ನಿಲ್ಲುವುದಿಲ್ಲ. 118, 124, 121 ಎಂದು ಅಲೆಯುತ್ತದೆ. ಗೆರೆ ಎಳೆದಂತೆ 130ರಲ್ಲಿ ನಿಲ್ಲುವುದು ಯಂತ್ರದ ಬುದ್ಧಿ. ಆಪರೇಷನ್ ಆದಾಗ ಕೊಟ್ಟ ಕಾಗದ ತೆಗೆದು ನೋಡಿದರೆ ಅದರಲ್ಲಿ ‘ಗರಿಷ್ಠ ಹಿಂಬಾಲಿಸುವ ವೇಗ 130’ ಎಂದು ಇತ್ತು. ಅಂದರೆ ಹೃತ್ಕರ್ಣದ ಬಡಿತವನ್ನು ಹಿಂಬಾಲಿಸಿ ಯಂತ್ರ ಹೃತ್ಕುಕ್ಷಿಯನ್ನು ಹೊಡೆಯುವ ವೇಗದ ಮಿತಿ.

ಮಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿದರೆ ಮೊದಲು ಸಿಕ್ಕಿದ ಉತ್ತರ ‘ಟೆನ್ಷನ್ ಮಾಡಿಕೊಳ್ಳಬೇಡಿ, ಕಾಫಿ ಕಡಿಮೆ ಮಾಡಿ’. ಸೇವೆಯ ಮೇಲೆ ನನ್ನ ದೊಡ್ಡ ದೂರು ಇದೇ. ಪೇಸ್‌ಮೇಕರ್ ಇರುವ ರೋಗಿ ಎದೆ ಓಡುತ್ತದೆ ಎಂದರೆ ಮೊದಲು ಯಂತ್ರವನ್ನು ಕೇಳಬೇಕು, ಕಾಫಿಯನ್ನಲ್ಲ. ಯಂತ್ರ ಎಲ್ಲವನ್ನೂ ಬರೆದಿಟ್ಟುಕೊಂಡಿರುತ್ತದೆ. ಹಟ ಹಿಡಿದು ತಪಾಸಣೆಯನ್ನು ನಿಗದಿಯಾದ ದಿನಕ್ಕಿಂತ ಮೊದಲೇ ಇರಿಸಿಕೊಂಡೆ. ಕಲ್ಲಡ್ಕದಲ್ಲಿ ಇಳಿದು, ಫೋನಿನಲ್ಲಿ ಸಿಕ್ಕಿದ ಸಲಹೆಯ ಗೌರವಾರ್ಥವಾಗಿ, ಕಾಫಿ ಬಿಟ್ಟು ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿದೆ.

ತಪಾಸಣೆಯ ಕೋಣೆಯಲ್ಲಿದ್ದ ತಂತ್ರಜ್ಞನಿಗೆ ಮಾತ್ರ ಐದಕ್ಕೆ ಐದು. ಮೂವತ್ತು ದಾಟಿರದ ಹುಡುಗ. ಎದೆಯ ಮೇಲೆ, ಪೇಸ್‌ಮೇಕರಿನೊಡನೆ ಮಾತಾಡುವ ‘ಪ್ರೋಗ್ರಾಮರ್’ ಎಂಬ ಯಂತ್ರದ ಮಂಡೆ ಇಟ್ಟು ದಾಖಲೆ ತೆರೆದ. ಒಂದು ನಿಮಿಷ ಪರದೆಯನ್ನು ನೋಡಿ, ನನ್ನ ಕಡೆ ತಿರುಗಿಸಿ ಹೇಳಿದ:

“ಸರ್, ಇದು ನಿಮ್ಮ ಹೃದಯ ಒಂದೇ ಮಾಡಿದ್ದಲ್ಲ. ಹೃದಯವೂ ಯಂತ್ರವೂ ಸೇರಿ ಮಾಡಿದ್ದು.”

ಪರದೆಯಲ್ಲಿ ಒಂದರ ಕೆಳಗೊಂದು ಸಾಲು. ಮೇಲಿನ ಸಾಲಿನಲ್ಲಿ ಹೃತ್ಕರ್ಣದ ಗುರುತು, ಕೆಳಗಿನ ಸಾಲಿನಲ್ಲಿ ಯಂತ್ರ ಹೃತ್ಕುಕ್ಷಿಗೆ ಹೊಡೆದ ಗುರುತು. ಕೇಳಿತು, ಹೊಡೆಯಿತು, ಕೇಳಿತು, ಹೊಡೆಯಿತು. ಉದ್ದಕ್ಕೂ ಒಂದೇ ಅಂತರ, 460 ಮಿಲಿಸೆಕೆಂಡ್. ಒಂದು ನಿಮಿಷದ ಅರುವತ್ತು ಸಾವಿರ ಮಿಲಿಸೆಕೆಂಡನ್ನು 460ರಿಂದ ಭಾಗಿಸಿ ನೋಡಿ, 130 ಬರುತ್ತದೆ.

ಆದದ್ದು ಹೀಗೆ. ಸಂದೇಶ ಮೇಲಿನಿಂದ ಕೆಳಗೆ ಹೋಗಬೇಕು. ಆದರೆ ಕೆಲವರ ಹೃದಯದಲ್ಲಿ ಅದು ಕೆಳಗಿನಿಂದ ಮೇಲಕ್ಕೂ ಹತ್ತುತ್ತದೆ. ಸೈನಸ್ ನೋಡಿನ ಕಾಯಿಲೆಯವರಲ್ಲಿ ಈ ಹಿಮ್ಮುಖ ದಾರಿ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಹೃತ್ಕುಕ್ಷಿಯಿಂದ ಒಂದು ಅಕಾಲಿಕ ಬಡಿತ ಹೊರಟಿತು. ಅದು ಹಿಮ್ಮುಖವಾಗಿ ಹತ್ತಿ ಹೃತ್ಕರ್ಣವನ್ನು ಬಡಿಸಿತು. ಮೇಲಿನ ತಂತಿ ಅದನ್ನು ಕೇಳಿ, ಸಹಜ ಬಡಿತ ಬಂತು ಎಂದು ನಂಬಿ, ಕರ್ತವ್ಯನಿಷ್ಠೆಯಿಂದ ಕೆಳಗೆ ಹೊಡೆಯಿತು. ಆ ಹೊಡೆತ ಮತ್ತೆ ಮೇಲಕ್ಕೆ ಹತ್ತಿತು. ಯಂತ್ರ ಮತ್ತೆ ಕೇಳಿತು, ಮತ್ತೆ ಹೊಡೆಯಿತು. ಬಯಲಾಟದಲ್ಲಿ ಮೈಕು ಧ್ವನಿವರ್ಧಕದ ಎದುರಿಗೆ ಬಂದಾಗ ಕುಂಯ್ಯೆಂದು ಕೂಗುತ್ತದಲ್ಲ, ಅದೇ ಸುತ್ತು. ವೇಗ 130 ಮೀರದಿರುವುದಕ್ಕೆ ಕಾರಣ ಒಂದೇ, ಯಂತ್ರಕ್ಕೆ ಅದಕ್ಕಿಂತ ಹೆಚ್ಚು ಹಿಂಬಾಲಿಸಲು ಅಪ್ಪಣೆ ಇರಲಿಲ್ಲ. ವೈದ್ಯರು ಇದನ್ನು ‘ಪೇಸ್‌ಮೇಕರ್ ಮೀಡಿಯೇಟೆಡ್ ಟ್ಯಾಕಿಕಾರ್ಡಿಯ’ ಎನ್ನುತ್ತಾರೆ. ಕೊನೆಯಿಲ್ಲದ ಸುತ್ತು ಎಂಬ ಅರ್ಥದ ‘ಎಂಡ್‌ಲೆಸ್ ಲೂಪ್’ ಎಂಬ ಹೆಸರೂ ಇದೆ. ಹಿಮ್ಮುಖ ದಾರಿ ದಣಿದು ಒಂದು ಸಲ ಸಂದೇಶ ಹತ್ತದೇ ಹೋದರೆ ಸುತ್ತು ತುಂಡಾಗುತ್ತದೆ. ನನಗೆ ಓಟ ಒಮ್ಮೆಗೇ ನಿಲ್ಲುತ್ತಿದ್ದುದು ಅದಕ್ಕೇ.

ಹಾಗಾದರೆ ಯಂತ್ರ ಮಾಡಿದವರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹೃತ್ಕುಕ್ಷಿ ಬಡಿದ ಮೇಲೆ ಸ್ವಲ್ಪ ಹೊತ್ತು ಮೇಲಿನ ತಂತಿ ಏನು ಕೇಳಿದರೂ ಅದಕ್ಕೆ ಓಗೊಡಬಾರದು ಎಂಬ ನಿಯಮ ಪ್ರತಿ ಎರಡು ತಂತಿಯ ಯಂತ್ರದಲ್ಲೂ ಇದೆ. ಕ್ಲಿನಿಕ್ಕಿನವರು ಅದನ್ನು ‘ಪಿವಾರ್ಪ್’ ಎಂದು ಕರೆಯುತ್ತಾರೆ. ನನ್ನ ಕಾಗದದಲ್ಲಿ ಅದರ ಎದುರು ಅಂಕಿ ಇರಲಿಲ್ಲ, ‘ಆಟೋ’ ಎಂದಿತ್ತು. ಅಂದರೆ ಬಡಿತದ ವೇಗ ಕಡಿಮೆ ಇದ್ದಾಗ ಈ ಕಿವುಡು ಅವಧಿ ಉದ್ದ, ವೇಗ ಹೆಚ್ಚಾದಂತೆ ಗಿಡ್ಡ; ಗಿಡ್ಡಕ್ಕೆ ಗಿಡ್ಡ 250 ಮಿಲಿಸೆಕೆಂಡ್. ತಂತ್ರಜ್ಞ ನನ್ನ ಹೃತ್ಕುಕ್ಷಿಯನ್ನು ಬೇಕೆಂದೇ ಬಡಿಸಿ ಸಂದೇಶ ಮೇಲಕ್ಕೆ ತಲಪಲು ಎಷ್ಟು ಹೊತ್ತು ಬೇಕೆಂದು ಅಳೆದ: 270. ಅವಧಿ ಮುಗಿದ ಇಪ್ಪತ್ತು ಮಿಲಿಸೆಕೆಂಡಿಗೆ ಹಿಮ್ಮುಖ ಸಂದೇಶ ಬಾಗಿಲು ತಟ್ಟುತ್ತಿತ್ತು.

ಇನ್ನು ಜೀಪು. ನನ್ನ ಯಂತ್ರದಲ್ಲಿ ಚಲನೆಗೆ ತಕ್ಕಂತೆ ವೇಗ ಹೆಚ್ಚಿಸುವ ಸೌಲಭ್ಯವಿದೆ. ಡಬ್ಬಿಯೊಳಗಿನ ಸಣ್ಣ ಸಂವೇದಕ ದೇಹದ ಅಲುಗಾಟವನ್ನು ಗುರುತಿಸುತ್ತದೆ. ಸೋಮಾರಿ ಸೈನಸ್ ನೋಡಿನವನು ನಡೆದಾಗ ಅವನ ಬಡಿತ ತಾನಾಗಿ ಏರುವುದಿಲ್ಲವಾದ್ದರಿಂದ ಇದು ಬೇಕಾದದ್ದೇ. ಆದರೆ ಗುಂಡಿಯ ರಸ್ತೆಯ ಕುಲುಕಾಟಕ್ಕೂ ಕಳೆ ಕತ್ತರಿಸುವ ಯಂತ್ರದ ನಡುಕಕ್ಕೂ ನಡಿಗೆಗೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ನಾನು ಜೀಪಿನಲ್ಲಿ ಕುಳಿತಿದ್ದೇನೆ, ಯಂತ್ರ ನಾನು ಓಡುತ್ತಿದ್ದೇನೆಂದು ತಿಳಿದು ವೇಗವನ್ನು 105, 110ಕ್ಕೆ ಒಯ್ಯುತ್ತದೆ. ವೇಗ ಏರಿದ್ದನ್ನು ಕಂಡು ‘ಆಟೋ’ ತನ್ನ ಕಿವುಡು ಅವಧಿಯನ್ನು ಗಿಡ್ಡ ಮಾಡುತ್ತದೆ. ಅಷ್ಟರಲ್ಲಿ ಒಂದು ಅಕಾಲಿಕ ಬಡಿತ ಬಿದ್ದರೆ ಸುತ್ತು ಶುರು. ಎರಡೂ ಸೌಲಭ್ಯಗಳು ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದವು. ಒಂದರ ಕೆಲಸ ಇನ್ನೊಂದರ ಕಾಲಿಗೆ ತೊಡರಿತು.

ಅಕಾಲಿಕ ಬಡಿತ ಕಂಡ ಕೂಡಲೇ ಒಂದು ಸಲಕ್ಕೆ ಕಿವುಡು ಅವಧಿಯನ್ನು ಹಿಗ್ಗಿಸುವ ಸೌಲಭ್ಯ ಒಂದಿದೆ. ಸುತ್ತು ಶುರುವಾದರೆ ಗುರುತಿಸಿ ತುಂಡರಿಸುವ ಸೌಲಭ್ಯ ಇನ್ನೊಂದಿದೆ. ನನ್ನಲ್ಲಿ ಎರಡೂ ಬಂದ್ ಇದ್ದವು! ಬೇಕಾಗಿರುವುದು ಬಂದ್, ಬೇಡದಷ್ಟು ಚುರುಕಾಗಿರುವುದು ಚಾಲೂ. ಕಾರ್ಖಾನೆಯಿಂದ ಬಂದದ್ದನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಡಬ್ಬಿ ಕೂರಿಸಿದ ಡಾಕ್ಟರರ ಕೈ ಬಂಗಾರದ್ದು, ಗಾಯದ ಗುರುತೂ ಈಗ ಕಾಣುವುದಿಲ್ಲ. ಕೂರಿಸಿದ ಮೇಲೆ ಈ ರೋಗಿಗೆ ಯಾವುದು ಸರಿ ಎಂದು ಕುಳಿತು ನೋಡುವ ಅರ್ಧ ಗಂಟೆ ಯಾರ ಬಳಿಯೂ ಇರಲಿಲ್ಲ.

ಮಾಡಿದ ಬದಲಾವಣೆ: ‘ಆಟೋ’ ತೆಗೆದು ಪಿವಾರ್ಪ್ 320ಕ್ಕೆ ಕಟ್ಟಿದರು. ಸುತ್ತು ತುಂಡರಿಸುವುದನ್ನೂ, ಅಕಾಲಿಕ ಬಡಿತದ ನಂತರದ ಎಚ್ಚರಿಕೆಯನ್ನೂ ಚಾಲೂ ಮಾಡಿದರು. ಸಂವೇದಕದ ಚುರುಕನ್ನು ಎರಡು ಮೆಟ್ಟಿಲು ಇಳಿಸಿದರು. ಇದ್ಯಾವುದಕ್ಕೂ ಚರ್ಮ ಕೊಯ್ಯಬೇಕಾಗಿಲ್ಲ. ಪರದೆಯ ಮೇಲೆ ಒತ್ತಿದರೆ ಆಯಿತು.

ಆದರೆ ಪುಕ್ಕಟೆಯಾಗಿ ಯಾವುದೂ ಸಿಗುವುದಿಲ್ಲ, ಅದನ್ನೂ ಬರೆಯಬೇಕು. ಹೃತ್ಕರ್ಣದ ಬಡಿತ ಕೇಳಿದ ಮೇಲೆ ಹೃತ್ಕುಕ್ಷಿಯನ್ನು ಹೊಡೆಯುವ ತನಕ ನನ್ನ ಯಂತ್ರ 150 ಮಿಲಿಸೆಕೆಂಡ್ ಕಾಯುತ್ತದೆ. ಅದಕ್ಕೆ 320 ಕೂಡಿಸಿದರೆ 470. ಇದಕ್ಕಿಂತ ಬೇಗ ಬರುವ ಸಹಜ ಬಡಿತಗಳಲ್ಲಿ ಒಂದು ಬಿಟ್ಟು ಒಂದನ್ನು ಯಂತ್ರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂದರೆ ನಿಮಿಷಕ್ಕೆ ಸುಮಾರು 127 ದಾಟಿದ ಕೂಡಲೇ ಹೃತ್ಕುಕ್ಷಿಯ ವೇಗ ಒಮ್ಮೆಗೇ ಅರ್ಧಕ್ಕೆ ಬೀಳಬಹುದು. ಹಾಗೆ ಬೀಳದಿರಲಿ ಎಂದು ಗರಿಷ್ಠ ವೇಗವನ್ನು 120ಕ್ಕೆ ಇಳಿಸಿದರು. ತೋಟದಿಂದ ನೀರಿನ ಸುರಂಗದ ಬಾಯಿಯ ತನಕ ಗುಡ್ಡೆ ಹತ್ತುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತೇನೆ. ನನ್ನ ವಯಸ್ಸಿಗೆ ಅದು ದೊಡ್ಡ ನಷ್ಟವಲ್ಲ. ಇಪ್ಪತ್ತೈದರ ಹುಡುಗನಿಗೆ, ಅಡಿಕೆ ಮರ ಹತ್ತುವವನಿಗೆ, ಇದೇ ಸೆಟ್ಟಿಂಗ್ ಶಿಕ್ಷೆಯಾದೀತು.

ಸುತ್ತು ತುಂಡರಿಸುವ ಸೌಲಭ್ಯಕ್ಕೂ ಒಂದು ಕುಂದು ಇದೆ. ನಿಜವಾಗಿಯೇ ಏರು ಹತ್ತಿ ಬಡಿತ ಏರಿದಾಗ ಅದನ್ನೂ ಸುತ್ತೆಂದು ಭ್ರಮಿಸಿ, ನಡುವೆ ಒಂದು ಬಡಿತವನ್ನು ಬಿಟ್ಟು ಪರೀಕ್ಷೆ ಮಾಡುತ್ತದೆ. ಎದೆಯಲ್ಲಿ ಮೆಟ್ಟಿಲು ತಪ್ಪಿದ ಹಾಗಾಗುತ್ತದೆ. ಅಕಾಲಿಕ ಬಡಿತದ ನಂತರ ಕಿವುಡು ಅವಧಿ ಹಿಗ್ಗಿಸುವುದರಲ್ಲಿ ಇನ್ನೂ ಸೂಕ್ಷ್ಮ ಅಪಾಯ: ಆ ಹೊತ್ತಿನಲ್ಲಿ ಬಂದ ನಿಜವಾದ ಬಡಿತವನ್ನು ಯಂತ್ರ ಲಕ್ಷ್ಯಕ್ಕೆ ತಾರದೆ, ತುಸು ಹೊತ್ತಿನಲ್ಲಿ ತಾನೇ ಹೃತ್ಕರ್ಣವನ್ನು ಹೊಡೆದರೆ, ಆ ಹೊಡೆತ ಹೃತ್ಕರ್ಣ ಇನ್ನೂ ಚೇತರಿಸಿಕೊಳ್ಳುತ್ತಿರುವ ಗಳಿಗೆಯಲ್ಲಿ ಬಿದ್ದು ಕಂಪನ, ಅಂದರೆ ತಾಳತಪ್ಪಿದ ಅತಿ ವೇಗದ ಬಡಿತ, ಹುಟ್ಟಿಸಬಹುದು. ಅದನ್ನು ತಡೆಯಲು ಮತ್ತೊಂದು ಸೌಲಭ್ಯ, ಹೊಡೆತವನ್ನು ಸ್ವಲ್ಪ ಮುಂದೂಡುವಂಥದ್ದು. ಒಂದಕ್ಕೆ ಕಾವಲು ಇನ್ನೊಂದು, ಆ ಕಾವಲಿಗೆ ಮತ್ತೊಂದು ಕಾವಲು. ನಮ್ಮ ಗಡಿಯ ಕಚೇರಿಗಳ ಕಡತಗಳೂ ಹೀಗೆಯೇ ಬೆಳೆಯುತ್ತವೆ.

ಆರು ತಿಂಗಳ ತಪಾಸಣೆಯಲ್ಲಿ ಇನ್ನೊಂದು ವಿಷಯ ಬಂತು. ಹೃತ್ಕುಕ್ಷಿಯ ಬಡಿತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಂತ್ರದ್ದೇ ಎಂದು ವರದಿ ಹೇಳುತ್ತಿತ್ತು. ಬಲ ಹೃತ್ಕುಕ್ಷಿಯನ್ನು ಅನಾವಶ್ಯಕವಾಗಿ ಹೊಡೆಯುತ್ತಾ ಹೋಗುವುದು ಒಳ್ಳೆಯದಲ್ಲ. 2002ರಲ್ಲಿ ಪ್ರಕಟವಾದ ‘ಡೇವಿಡ್’ ಎಂಬ ಅಧ್ಯಯನದಲ್ಲಿ, ಹೃದಯ ದುರ್ಬಲವಾಗಿದ್ದು ಷಾಕ್ ಕೊಡುವ ಯಂತ್ರ ಹಾಕಿಸಿಕೊಂಡವರ ಪೈಕಿ, ಎರಡು ತಂತಿಯಿಂದ 70ರ ವೇಗದಲ್ಲಿ ಬಡಿಸಿಕೊಂಡವರಿಗಿಂತ ಒಂದೇ ತಂತಿಯಿಂದ 40ರ ಕಾವಲಿನಲ್ಲಿ ಸುಮ್ಮನೆ ಬಿಟ್ಟವರೇ ಮೇಲೆನಿಸಿದ್ದರು. ಆಮೇಲೆ ಕಂಪನಿಗಳು ತಂದದ್ದು ‘ಆದಷ್ಟು ಹೊಡೆಯಬೇಡ’ ಎಂಬ ಸೌಲಭ್ಯ. ಹೃತ್ಕರ್ಣವನ್ನು ಮಾತ್ರ ನೋಡಿಕೊಂಡು, ಕೆಳಗಿನದು ತಾನಾಗಿ ಬಡಿಯಲಿ ಎಂದು ಕಾಯುತ್ತದೆ. ಬಡಿಯದಿದ್ದರೆ ಒಂದನ್ನು ಬಿಟ್ಟು, ಆಮೇಲೆ ಹೊಡೆಯುತ್ತದೆ. ಡಾಕ್ಟರರು ಅದನ್ನು ಚಾಲೂ ಮಾಡಿದರು.

ಆ ಬಿಟ್ಟುಹೋಗುವ ಬಡಿತ ನನಗೆ ಗೊತ್ತಾಗುತ್ತದೆ. ರಾತ್ರಿ ಎಡಕ್ಕೆ ಮಗ್ಗುಲಾಗಿ ಮಲಗಿದಾಗ ಲಬ್‌ಡಬ್, ಲಬ್‌ಡಬ್, ಖಾಲಿ, ಆಮೇಲೆ ಒಂದು ಜೋರಿನ ಗುದ್ದು. ಹೆಂಡತಿಗೆ ಹೇಳಿದರೆ ಅವಳು ಎದ್ದು ಕೂರುತ್ತಾಳೆ; ಹಾಗಾಗಿ ಹೇಳುವುದಿಲ್ಲ. ಡಾಕ್ಟರರನ್ನು ಕೇಳಿದೆ. ಅವರು ನೇರವಾಗಿ ಉತ್ತರಿಸಿದರು: ಒಂದು ಉದ್ದ ವಿರಾಮ, ಹಿಂದೆಯೇ ಒಂದು ಗಿಡ್ಡ ಅಂತರ, ಈ ಜೋಡಿ ಕೆಲವರಲ್ಲಿ ಹೃತ್ಕುಕ್ಷಿಯ ಅಪಾಯಕಾರಿ ಓಟಕ್ಕೆ ಕಿಡಿ ಹಚ್ಚುವುದುಂಟು. ಹೃದಯದ ಸ್ನಾಯು ದುರ್ಬಲವಾಗಿದ್ದವರಲ್ಲಿ, ಮೂತ್ರದ ಮಾತ್ರೆಯಿಂದ ಪೊಟ್ಯಾಸಿಯಂ ಇಳಿದವರಲ್ಲಿ ಹೆಚ್ಚು ಜಾಗ್ರತೆ ಬೇಕು. ನನ್ನ ಎಕೋ ಸರಿಯಿದೆ, ಪೊಟ್ಯಾಸಿಯಂ ಸರಿಯಿದೆ. ಆದ್ದರಿಂದ ಖಾಲಿ ಬಡಿತವನ್ನು ಒಪ್ಪಿಕೊಂಡು ಸೌಲಭ್ಯ ಉಳಿಸಿಕೊಂಡಿದ್ದೇನೆ. ಮುಂದಿನ ವರದಿಯಲ್ಲಿ ಹೃತ್ಕುಕ್ಷಿಗೆ ಯಂತ್ರದ ಹೊಡೆತ ನೂರಕ್ಕೆ ಹತ್ತರೊಳಗೆ ಇಳಿದಿತ್ತು. ಈ ಸೌಲಭ್ಯಕ್ಕೆ ನನ್ನ ಬೆಂಬಲವಿದೆ.

ಹೃತ್ಕರ್ಣದಲ್ಲಿ ಕಂಪನ ಹುಟ್ಟಿದಾಗ ಅದನ್ನು ಹಿಂಬಾಲಿಸುವುದನ್ನು ಬಿಡುವ ‘ಮೋಡ್ ಸ್ವಿಚ್’ ಚಾಲೂ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕಂಪನ ಬಾರದಂತೆ ಮೊದಲೇ ವೇಗವಾಗಿ ಬಡಿಯುತ್ತಾ ಇರುವ ಸೌಲಭ್ಯವೂ ಪಟ್ಟಿಯಲ್ಲಿದೆ. ಡಾಕ್ಟರರು ಬೇಡವೆಂದರು, ನಾನೂ ಕೇಳಲಿಲ್ಲ.

ಭಾವನ ಯಂತ್ರ ಇನ್ನೊಂದು ಬಗೆಯದ್ದು. ಅವನದರಲ್ಲಿ ಸಂವೇದಕ ಅಲುಗಾಟ ನೋಡುವುದಿಲ್ಲ, ಉಸಿರಾಟ ನೋಡುತ್ತದೆ: ಎದೆಯ ಮೂಲಕ ಅತಿ ಸಣ್ಣ ವಿದ್ಯುತ್ ಹರಿಸಿ ಪ್ರತಿರೋಧದ ಏರಿಳಿತವನ್ನು ಅಳೆಯುತ್ತದೆ. ಜೀಪಿನಲ್ಲಿ ಅವನು ರಾಜ. ಆದರೆ ಹರ್ನಿಯಾ ಆಪರೇಷನ್ನಿಗೆ ಮಲಗಿಸಿ ಮಾನಿಟರಿನ ತಂತಿ ಅಂಟಿಸಿದ ಕೂಡಲೇ ಬಡಿತ ಗರಿಷ್ಠಕ್ಕೆ ನೆಗೆಯಿತು. ಮಾನಿಟರ್ ಕೂಡ ಉಸಿರನ್ನು ಅದೇ ವಿಧಾನದಲ್ಲಿ ಅಳೆಯುತ್ತದೆ. ಅದರ ವಿದ್ಯುತ್ತನ್ನು ಪೇಸ್‌ಮೇಕರ್ ಭಾವನ ಏದುಸಿರು ಎಂದು ತಿಳಿಯಿತು. ಅರಿವಳಿಕೆಯ ಡಾಕ್ಟರರು ವೇಗ ಇಳಿಸುವ ಮದ್ದಿಗೆ ಕೈ ಹಾಕುವ ಮೊದಲು ಮಾನಿಟರಿನ ಉಸಿರಾಟದ ಅಳತೆಯನ್ನು ನಿಲ್ಲಿಸಿದರು, ಬಡಿತ ಇಳಿಯಿತು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ 1998ರಲ್ಲಿಯೇ ಎಚ್ಚರಿಸಿತ್ತು. ಆ ಬಗೆಯ ಯಂತ್ರವಿರುವವರು ಯಾವುದೇ ಆಪರೇಷನ್ನಿಗೆ ಮೊದಲು ಆ ಸಂವೇದಕವನ್ನು ನಿಲ್ಲಿಸಿಸಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, ಮನೆಯಲ್ಲಿ ಇಟ್ಟುಕೊಳ್ಳಲು ಕೊಟ್ಟ ಪೆಟ್ಟಿಗೆ. ಮಂಚದ ಬಳಿ ಇಟ್ಟರೆ ರಾತ್ರಿ ನಿದ್ದೆಯಲ್ಲಿರುವಾಗ ಯಂತ್ರದಿಂದ ದಾಖಲೆ ಎಳೆದು ಮೊಬೈಲ್ ಜಾಲದ ಮೂಲಕ ಕಳುಹಿಸುತ್ತದೆ. ಯೋಜನೆ ಚಂದ. ನಮ್ಮ ಮನೆ ತೋಟದ ಕೆಳಗೆ. ಅಲ್ಲಿ ಸಿಗ್ನಲ್ ಒಮ್ಮೆ ಕೇರಳದ್ದು, ಒಮ್ಮೆ ಕರ್ನಾಟಕದ್ದು, ಮಳೆಗಾಲದಲ್ಲಿ ಎರಡೂ ಇಲ್ಲ. ಮಲಗುವ ಕೋಣೆಯನ್ನೇ ಮಹಡಿಗೆ ಬದಲಿಸಿದ ಮೇಲೆ ಹಸಿರು ದೀಪ ಉರಿಯಿತು. ಆದರೆ ದಾಖಲೆ ತಲಪಿದೆ ಎಂದರೆ ಯಾರೋ ಆಗಲೇ ನೋಡಿದ್ದಾರೆ ಎಂದರ್ಥವಲ್ಲ. ನಿಗದಿಯಾದ ದಿನ ಕೆಲಸದ ಹೊತ್ತಿನಲ್ಲಿ ನೋಡುತ್ತಾರೆ, ಅಷ್ಟೇ. ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ರಾತ್ರಿ ಎದೆ ಓಡಿ ತಲೆ ತಿರುಗಿದರೆ ಪೆಟ್ಟಿಗೆಯ ಮುಖ ನೋಡುತ್ತಾ ಕೂರದೆ ಹತ್ತಿರದಲ್ಲಿ ಎಲ್ಲಿ ಇಸಿಜಿ ತೆಗೆಯುತ್ತಾರೋ ಅಲ್ಲಿಗೆ ಹೋಗಬೇಕು, ಓಟ ನಿಲ್ಲುವ ಮೊದಲೇ ಗೆರೆ ಕಾಗದದ ಮೇಲೆ ಬೀಳಬೇಕು.

ಪ್ರತಿ ತಪಾಸಣೆಯ ನಂತರ ಸೆಟ್ಟಿಂಗಿನ ಪೂರ್ತಿ ಪ್ರತಿ ಕೇಳಿ ಪಡೆಯುತ್ತೇನೆ. ಮೊದಮೊದಲು ‘ಫೈಲಿನಲ್ಲಿದೆ ಸರ್’ ಎನ್ನುತ್ತಿದ್ದರು. ಈಗ ನಾನು ಬಾಗಿಲಲ್ಲಿ ಕಂಡ ಕೂಡಲೇ ಆ ಹುಡುಗ ಪ್ರಿಂಟರಿಗೆ ಕಾಗದ ತುಂಬುತ್ತಾನೆ. ಹಿಂದಿನ ಪ್ರತಿಯನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ನೋಡುತ್ತೇವೆ. ಹೋದ ಸಲ ರಾತ್ರಿಯ ಕನಿಷ್ಠ ವೇಗ ತಾನಾಗಿ 50ಕ್ಕೆ ಇಳಿಯುವ ಸೌಲಭ್ಯವೊಂದನ್ನು ಹಾಕೋಣವೇ, ಬ್ಯಾಟರಿ ಉಳಿಯುತ್ತದೆ ಎಂದು ಕೇಳಿದ. ಬ್ಯಾಟರಿ ಇನ್ನೂ ಒಂಬತ್ತು ವರ್ಷ ಬರುತ್ತದೆಂದು ಅದೇ ಕಾಗದ ಹೇಳುತ್ತಿತ್ತು. ಸದ್ಯಕ್ಕೆ ಬೇಡ ಎಂದೆ.